ನಿವೃತ್ತಿಯ ನಂತರ ಹಳ್ಳಿಯೋ ನಗರವೋ: ಓದುಗರ ಪ್ರಶ್ನೆಗಳಿಗೆ ಉತ್ತರ

ನಿವೃತ್ತಿಯ ನಂತರದ ವಾಸದ ಬಗ್ಗೆ ಬಂದಿರುವ ಪತ್ರಗಳಲ್ಲಿ ಆರನ್ನು ಆರಿಸಿ ಈ ಬಾರಿಯ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ. ಬರೆದವರಲ್ಲಿ ಹಲವರು ಹೆಸರು ಬೇಡವೆಂದು ಕೋರಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸಿಲ್ಲ. ದೀರ್ಘವಾದ ಪತ್ರಗಳನ್ನು ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: ನನಗೆ 63 ವರ್ಷ, ಪತ್ನಿಗೆ 60. ಕೆಲವು ವರ್ಷಗಳ ಹಿಂದೆ ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ಈಗ ಆರೋಗ್ಯವಾಗಿದ್ದೇನೆ. ನಗರದ ಗದ್ದಲ ಸಾಕಾಗಿ ಹಳ್ಳಿಯೊಂದರಲ್ಲಿ ನೆಲೆಸುವ ಆಸೆಯಾಗಿದೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ. ಪತ್ನಿ ಖಡಾಖಂಡಿತವಾಗಿ ಬೇಡವೆನ್ನುತ್ತಾಳೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಸರಿಯೆಂದು ಹೇಳಿ ಜಾರಿಕೊಳ್ಳುವುದು ಸುಲಭ, ಆದರೆ ಅದರಿಂದ ನಿಮಗೆ ಉಪಯೋಗವಿಲ್ಲ. ಆಸ್ಪತ್ರೆಯ ದೂರವನ್ನು ಎರಡು ಬಗೆಯಲ್ಲಿ ಅಳೆಯಬೇಕಾಗುತ್ತದೆ. ತುರ್ತು ಸಂದರ್ಭದಲ್ಲಿ ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದು ಒಂದು ಲೆಕ್ಕ. ವರ್ಷಕ್ಕೆ ಎಷ್ಟು ಬಾರಿ ಓಡಾಡಬೇಕಾಗುತ್ತದೆ ಎಂಬುದು ಇನ್ನೊಂದು. ಎಲ್ಲರೂ ಹೆದರುವುದು ಮೊದಲನೆಯದಕ್ಕೆ, ಎಲ್ಲರೂ ಮರೆಯುವುದು ಎರಡನೆಯದನ್ನು.

ಮೊದಲು ನಿಮಿಷಗಳ ಲೆಕ್ಕ. ಹೃದಯದ ಮುಖ್ಯ ರಕ್ತನಾಳವೊಂದು ಹಠಾತ್ತನೆ ಪೂರ್ತಿ ಕಟ್ಟಿಕೊಂಡಾಗ ಆಂಜಿಯೋಪ್ಲಾಸ್ಟಿಯೇ, ಅಂದರೆ ಸಣ್ಣ ಬಲೂನಿನಿಂದ ಆ ರಕ್ತನಾಳವನ್ನು ತೆರೆಯುವುದೇ, ಉತ್ತಮ ಚಿಕಿತ್ಸೆ. ಆದರೆ ಇಸಿಜಿಯಲ್ಲಿ ರೋಗ ಖಚಿತವಾದ ಬಳಿಕ ಸುಮಾರು 120 ನಿಮಿಷಗಳೊಳಗೆ ಅದನ್ನು ಮಾಡಲು ಸಾಧ್ಯವಿಲ್ಲವೆಂದಾದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಟ್ಟು ನಂತರ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಹಾಗಾಗಿ ನೀವು ವಿಚಾರಿಸಬೇಕಾದುದು ದೊಡ್ಡ ಆಸ್ಪತ್ರೆ ಎಷ್ಟು ದೂರವೆಂಬುದನ್ನಲ್ಲ. ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆದು, ಅದನ್ನು ಓದಿ, ಆ ಚುಚ್ಚುಮದ್ದನ್ನು ಧೈರ್ಯವಾಗಿ ಕೊಡಬಲ್ಲ ವೈದ್ಯರು ಎಷ್ಟು ಹತ್ತಿರದಲ್ಲಿದ್ದಾರೆ ಎಂಬುದನ್ನು. ಅಂಥ ಸಣ್ಣ ಆಸ್ಪತ್ರೆ ಇಪ್ಪತ್ತು ನಿಮಿಷದಲ್ಲಿ ಸಿಗುವುದಾದರೆ ನಿಮ್ಮ ಒಂದೂವರೆ ಗಂಟೆಯ ದಾರಿ ಅಷ್ಟೇನೂ ಭಯಾನಕವಲ್ಲ. ಸಿಗದಿದ್ದರೆ ಅದು ನಿಜಕ್ಕೂ ದೂರವೇ.

ಪಾರ್ಶ್ವವಾಯುವಿನ ಚಿಕಿತ್ಸೆಗೂ ಬಿಗಿಯಾದ ಗಡುವಿದೆ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಔಷಧದಿಂದ ಕರಗಿಸಬಹುದೆಂದು 1995ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದಾಗ ಗಡುವು 3 ಗಂಟೆಯಿತ್ತು; 2008ರ ಮತ್ತೊಂದು ಅಧ್ಯಯನ ಅದನ್ನು 4.5 ಗಂಟೆಗೆ ವಿಸ್ತರಿಸಿತು. ಆಯ್ದ ಕೆಲವು ರೋಗಿಗಳಲ್ಲಿ ಹೆಪ್ಪನ್ನು ಕ್ಯಾತಿಟರ್ ಎಂಬ ತೆಳು ಕೊಳವೆಯ ಮೂಲಕ ಹೊರತೆಗೆಯುವ ಚಿಕಿತ್ಸೆಯನ್ನು 24 ಗಂಟೆಯವರೆಗೂ ಮಾಡಬಹುದಾದರೂ, ಚಿಕಿತ್ಸೆಯಿಲ್ಲದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜನ್ನು ಮರೆಯುವಂತಿಲ್ಲ. ಪಾರ್ಶ್ವವಾಯು ಹೆಪ್ಪಿನಿಂದ ಬಂದದ್ದೋ ರಕ್ತಸ್ರಾವದಿಂದ ಬಂದದ್ದೋ ಎಂಬುದು ಸಿ.ಟಿ. ಸ್ಕ್ಯಾನ್ ಇಲ್ಲದೆ ತಿಳಿಯುವುದಿಲ್ಲ. ತಿಳಿಯದೆ ಚುಚ್ಚುಮದ್ದು ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಹತ್ತಿರದ ಸಿ.ಟಿ. ಯಂತ್ರ ಎಲ್ಲಿದೆ, ಅದು ರಾತ್ರಿ ಹೊತ್ತು ಕೆಲಸ ಮಾಡುತ್ತದೆಯೇ ಎಂಬ ಎರಡು ವಿಷಯಗಳನ್ನು ಮನೆ ನೋಡುವ ಮೊದಲೇ ತಿಳಿದುಕೊಳ್ಳಿ.

ಹೃದಯಸ್ತಂಭನದ ಮಾತು ಬೇರೆ. ಅಲ್ಲಿ ನಗರವಾಸದ ಲಾಭ ನಾವು ಊಹಿಸುವಷ್ಟಿಲ್ಲ. ಹೃದಯ ನಿಂತ ಮೇಲೆ ಸಿಪಿಆರ್ (ಎದೆ ಒತ್ತುವ ತುರ್ತು ಚಿಕಿತ್ಸೆ) ಮತ್ತು ವಿದ್ಯುದಾಘಾತ ಚಿಕಿತ್ಸೆ ಇಲ್ಲದೆ ಕಳೆಯುವ ಪ್ರತಿ ನಿಮಿಷವೂ ಬದುಕುಳಿಯುವ ಸಾಧ್ಯತೆಯನ್ನು ಶೇಕಡಾ 7ರಿಂದ 10ರಷ್ಟು ತಗ್ಗಿಸುತ್ತದೆ. ನಗರದ ಆಂಬ್ಯುಲೆನ್ಸ್ ಕೂಡ ಅಷ್ಟು ಬೇಗ ಬಾಗಿಲಿಗೆ ಬರುವುದು ಅಪರೂಪ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುವುದನ್ನು ಮನೆಯಲ್ಲಿರುವ ಇನ್ನೊಬ್ಬರು ಕಲಿತಿರುವುದೇ ಎಲ್ಲಕ್ಕಿಂತ ಮುಖ್ಯ. ಎಲ್ಲಿ ನೆಲೆಸಿದರೂ ನೀವಿಬ್ಬರೂ ಅದನ್ನು ಕಲಿಯಿರಿ.

ಇನ್ನು ಓಡಾಟದ ಲೆಕ್ಕ. ಹಳ್ಳಿಗೆ ಹೋದವರನ್ನು ಮತ್ತೆ ನಗರಕ್ಕೆ ಎಳೆತರುವುದು ಆಂಬ್ಯುಲೆನ್ಸ್ ಅಲ್ಲ, ಅಪಾಯಿಂಟ್‌ಮೆಂಟ್ ಎಂಬುದು ನನ್ನ ದೃಢವಾದ ಅಭಿಪ್ರಾಯ. ತುರ್ತು ಸ್ಥಿತಿ ಎಂದೋ ಒಮ್ಮೆ ಬರುತ್ತದೆ, ಅದಕ್ಕಾಗಿ ನೆರೆಹೊರೆಯವರೆಲ್ಲ ಎದ್ದು ಓಡಿ ಬರುತ್ತಾರೆ. ಆದರೆ ಮೂತ್ರಪಿಂಡ ಕೈಕೊಟ್ಟವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ ಡಯಾಲಿಸಿಸ್ ಬೇಕು. ನಿಮ್ಮ ಹಳ್ಳಿಯಿಂದ ಹೋಗಿಬರಲು ಮೂರು ಗಂಟೆ ಹಿಡಿಯುವುದರಿಂದ ವರ್ಷಕ್ಕೆ 156 ಪ್ರಯಾಣಗಳಲ್ಲಿ 468 ಗಂಟೆ ದಾರಿಯಲ್ಲೇ ಕಳೆಯುತ್ತದೆ, ಅದೂ ಚಿಕಿತ್ಸೆ ಮುಗಿದು ಸುಸ್ತಾದ ದೇಹವನ್ನು ಹೊತ್ತುಕೊಂಡು. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಬೇಕಾದರೆ ಹಲವು ವಾರಗಳ ಕಾಲ, ವಾರಕ್ಕೆ ಐದು ದಿನ ಹೋಗಬೇಕಾಗುವುದುಂಟು. ಒಂದೊಂದು ದಿನದ ಚಿಕಿತ್ಸೆಗೆ ಹಿಡಿಯುವುದು ಕೆಲವೇ ನಿಮಿಷ. ಅಕ್ಷಿಪಟಲದ ಕೆಲವು ಕಾಯಿಲೆಗಳಿಗೆ ಒಂದೆರಡು ತಿಂಗಳಿಗೊಮ್ಮೆ ಕಣ್ಣಿಗೆ ಚುಚ್ಚುಮದ್ದು ಹಾಕುತ್ತಾರೆ, ಆ ದಿನ ರೋಗಿ ವಾಹನ ಓಡಿಸುವಂತಿಲ್ಲ. ಇಂಥ ಪ್ರಯಾಣಗಳಿಗೆ ನೆರೆಯವರನ್ನು ಒಮ್ಮೆ ಕೇಳಬಹುದು, ಎರಡು ಬಾರಿ ಕೇಳಬಹುದು. ಇಪ್ಪತ್ತನೆಯ ಬಾರಿ ಕೇಳಲು ಬಾಯಿ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ನಿಮ್ಮ ಪತ್ನಿಗೆ ವಾಹನ ಓಡಿಸಲು ಬರುತ್ತದೆಯೇ? ಬರದಿದ್ದರೆ, ಎದೆನೋವು ಬಂದ ರಾತ್ರಿ ಮನೆಯ ಏಕೈಕ ಚಾಲಕನೇ ಹಿಂದಿನ ಸೀಟಿನಲ್ಲಿ ಮಲಗಿರುತ್ತಾನೆ. ಅವರು ಬೇಡವೆನ್ನುವುದಕ್ಕೆ ನಗರದ ಮೋಹವೊಂದೇ ಕಾರಣವಲ್ಲದಿರಬಹುದು. ಒಮ್ಮೆ ಹೃದಯದ ತೊಂದರೆ ಕಂಡಿರುವ ನಿಮ್ಮ ವಿಷಯದಲ್ಲಿ, ಈಗ ನೋಡಿರುವ ಹಳ್ಳಿಯನ್ನು ಬಿಟ್ಟು, ಇಸಿಜಿ, ಸಿ.ಟಿ. ಮತ್ತು ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಅರ್ಧ ಗಂಟೆಯಲ್ಲಿ ತಲಪಬಹುದಾದ ಬೇರೊಂದು ಹಳ್ಳಿಯನ್ನೋ ಸಣ್ಣ ಪಟ್ಟಣದ ಅಂಚನ್ನೋ ಹುಡುಕುವುದು ಮೇಲು. ನಿಮಗೆ ಬೇಕಿರುವುದು ನಿಶ್ಶಬ್ದವೇ ಹೊರತು ನಕಾಶೆಯ ಮೇಲಿನ ಆ ಒಂದು ಚುಕ್ಕೆಯಲ್ಲ ಎಂದು ಭಾವಿಸಿದ್ದೇನೆ.

ಪ್ರಶ್ನೆ: ಈಗ ವೈದ್ಯರನ್ನು ವಿಡಿಯೋ ಕರೆಯಲ್ಲೇ ಕಾಣಬಹುದಲ್ಲವೇ? ಹಾಗಿರುವಾಗ ಆಸ್ಪತ್ರೆಯ ದೂರಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಹಳೆಯ ಕಾಲದ ಚಿಂತೆಯೆನಿಸುವುದಿಲ್ಲವೇ?

ಉತ್ತರ: ಅರ್ಧ ಮಟ್ಟಿಗೆ ನಿಮ್ಮ ಮಾತು ನಿಜ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮುಂತಾದ ದೀರ್ಘಕಾಲದ ತೊಂದರೆಗಳಲ್ಲಿ ವೈದ್ಯರು ನೋಡುವುದು ಬಹುತೇಕ ಅಂಕಿಗಳನ್ನು. ಮನೆಯಲ್ಲೇ ಅಳೆದು ಬರೆದಿಟ್ಟ ಎರಡು ವಾರದ ರಕ್ತದೊತ್ತಡದ ಪಟ್ಟಿ, ಗಾಬರಿಯಿಂದ ಕುಳಿತ ರೋಗಿಯ ತೋಳಿನಲ್ಲಿ ಕ್ಲಿನಿಕ್ಕಿನಲ್ಲಿ ಅಳೆದ ಒಂದು ಅಂಕಿಗಿಂತ ಹಲವೊಮ್ಮೆ ಹೆಚ್ಚು ನಂಬಿಕೆಗೆ ಅರ್ಹ. ಮಾತ್ರೆಗಳ ಪ್ರಮಾಣ ಬದಲಿಸುವುದು, ವರದಿಗಳನ್ನು ಓದುವುದು, ಮನಸ್ಸಿನ ಬೇಗುದಿಗೆ ಕಿವಿಗೊಡುವುದು, ಇವೆಲ್ಲ ಪರದೆಯ ಮೂಲಕವೂ ಚೆನ್ನಾಗಿಯೇ ನಡೆಯುತ್ತವೆ.

ಆದರೆ ಹೊಟ್ಟೆನೋವಿನ ರೋಗಿಯ ಹೊಟ್ಟೆಯನ್ನು ಒತ್ತಿ ನೋಡುವುದಕ್ಕೆ, ಎದೆಯ ಸದ್ದನ್ನು ಕೇಳುವುದಕ್ಕೆ, ಗಾಯವನ್ನು ತೊಳೆದು ಕಟ್ಟುವುದಕ್ಕೆ, ರಕ್ತ ತೆಗೆಯುವುದಕ್ಕೆ ಎದುರಿಗೊಬ್ಬ ಮನುಷ್ಯ ಬೇಕು. ವಿಡಿಯೋ ಕರೆ ಬಹಳ ಸಲ ಮುಗಿಯುವುದು "ಈ ಪರೀಕ್ಷೆ ಮಾಡಿಸಿಕೊಂಡು ಬನ್ನಿ" ಎಂಬ ಮಾತಿನೊಂದಿಗೆ; ಆ ಪರೀಕ್ಷೆ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆ ಆಗ ಮತ್ತೆ ಎದ್ದು ನಿಲ್ಲುತ್ತದೆ. ಇನ್ನೊಂದು ತೊಡಕೂ ಇದೆ. ಕಿವಿ ಮಂದವಾದವರಿಗೆ, ಕಣ್ಣು ಮಬ್ಬಾದವರಿಗೆ, ಫೋನಿನ ಪರದೆಯೊಂದಿಗೆ ಗುದ್ದಾಡಲಾಗದವರಿಗೆ ಈ ಅನುಕೂಲ ನಡುವಯಸ್ಸಿನ ಮಕ್ಕಳಿಗೆ ಕಾಣುವಷ್ಟು ಸಲೀಸಲ್ಲ. ಪರದೆಯ ವೈದ್ಯರು ಇರಲಿ. ಅವರ ಜೊತೆಗೆ ಹತ್ತಿರದಲ್ಲಿ ರಕ್ತ ತೆಗೆಯಬಲ್ಲ, ಗಾಯ ನೋಡಬಲ್ಲ, ಗೊತ್ತಿರುವ ಮುಖದ ಒಬ್ಬ ದಾದಿಯೋ ವೈದ್ಯರೋ ಇದ್ದರೆ ಮಾತ್ರ ಆ ವ್ಯವಸ್ಥೆ ಪೂರ್ತಿಯಾಗುತ್ತದೆ.

ಪ್ರಶ್ನೆ: ನಾನು 71 ವರ್ಷದ ವಿಧವೆ, ನಗರದ ಅಪಾರ್ಟ್‌ಮೆಂಟಿನ ಹದಿನೆಂಟನೆಯ ಮಹಡಿಯಲ್ಲಿ ಒಬ್ಬಳೇ ಇದ್ದೇನೆ. ಎರಡು ಕಿಲೋಮೀಟರಿನಲ್ಲಿ ದೊಡ್ಡ ಆಸ್ಪತ್ರೆಯಿದೆ ಎಂಬ ಒಂದೇ ಕಾರಣಕ್ಕೆ ದೂರದಲ್ಲಿರುವ ಮಕ್ಕಳು ಇಲ್ಲೇ ಇರೆನ್ನುತ್ತಾರೆ. ಹಳ್ಳಿಯಲ್ಲಿರುವ ತಂಗಿ ತನ್ನ ಮನೆಯ ಪಕ್ಕದಲ್ಲೇ ಇರಲು ಕರೆಯುತ್ತಿದ್ದಾಳೆ. ಇಲ್ಲಿ ನನಗೆ ದಿನಗಟ್ಟಲೆ ಮಾತನಾಡಲು ಯಾರೂ ಇರುವುದಿಲ್ಲ. ಹೋಗುವುದು ಮೂರ್ಖತನವೇ?

ಉತ್ತರ: ಖಂಡಿತ ಅಲ್ಲ. ಎರಡು ಕಿಲೋಮೀಟರ್ ಎಂದು ನಿಮ್ಮ ಮಕ್ಕಳು ಅಳೆದಿರುವುದು ರಸ್ತೆಯನ್ನು ಮಾತ್ರ. ಹದಿನೆಂಟು ಮಹಡಿಗಳನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕೆನಡಾದ ಟೊರಾಂಟೊ ಪ್ರದೇಶದ ಬಹುಮಹಡಿ ಕಟ್ಟಡಗಳಲ್ಲಿ ಹೃದಯಸ್ತಂಭನಕ್ಕೆ ಒಳಗಾದವರ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರನೆಯ ಮಹಡಿಗಿಂತ ಕೆಳಗಿದ್ದವರಲ್ಲಿ ಶೇಕಡಾ 4.2ರಷ್ಟು ಮಂದಿ ಬದುಕುಳಿದಿದ್ದರೆ, ಮೂರನೆಯ ಮಹಡಿ ಮತ್ತು ಅದಕ್ಕಿಂತ ಮೇಲಿದ್ದವರಲ್ಲಿ ಆ ಪ್ರಮಾಣ ಶೇಕಡಾ 2.6 ಮಾತ್ರ ಇತ್ತು. ಹದಿನಾರನೆಯ ಮಹಡಿಗಿಂತ ಮೇಲೆ ಅದು ಶೇಕಡಾ 1ಕ್ಕಿಂತ ಕೆಳಗಿಳಿದಿತ್ತು. ಲಿಫ್ಟಿಗಾಗಿ ಕಾಯುವುದು, ಸ್ಟ್ರೆಚರ್ ಹಿಡಿಸದ ಲಿಫ್ಟು, ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಇವೆಲ್ಲ ಆಂಬ್ಯುಲೆನ್ಸ್ ಕಟ್ಟಡದ ಮುಂದೆ ಬಂದು ನಿಂತ ಮೇಲೆ ಕಳೆಯುವ ನಿಮಿಷಗಳು.

ಅದಕ್ಕಿಂತ ದೊಡ್ಡ ಪ್ರಶ್ನೆ, ಆಂಬ್ಯುಲೆನ್ಸನ್ನು ಕರೆಯುವವರು ಯಾರು ಎಂಬುದು. 65 ದಾಟಿದವರಲ್ಲಿ ಶೇಕಡಾ 28ರಿಂದ 35ರಷ್ಟು ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. ಬಿದ್ದಾಗ ಆದ ಗಾಯ ಸಣ್ಣದಿದ್ದರೂ, ಏಳಲಾಗದೆ ಗಂಟೆಗಟ್ಟಲೆ ನೆಲದ ಮೇಲೆ ಬಿದ್ದಿರುವುದರಿಂದಲೇ ಸ್ನಾಯುಗಳು ನಲುಗಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು, ದೇಹದ ನೀರಿನಂಶ ಬತ್ತಬಹುದು, ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ಪಾರ್ಶ್ವವಾಯುವಿನ ವಿಷಯದಲ್ಲಂತೂ ಒಂಟಿವಾಸಕ್ಕೆ ತೆರುವ ಬೆಲೆ ನೇರವಾದದ್ದು. ಲಕ್ಷಣಗಳು ಯಾವಾಗ ಆರಂಭವಾದುವೆಂದು ಹೇಳುವವರಿಲ್ಲದಿದ್ದರೆ, ರೋಗಿ ಕೊನೆಯದಾಗಿ ಯಾರ ಕಣ್ಣಿಗೆ ಸರಿಯಾಗಿದ್ದುದು ಕಂಡಿತ್ತೋ ಆ ಹೊತ್ತಿನಿಂದಲೇ ವೈದ್ಯರು ಗಡಿಯಾರ ಎಣಿಸುತ್ತಾರೆ. ನಿನ್ನೆ ಸಂಜೆ ಫೋನಿನಲ್ಲಿ ಮಾತನಾಡಿದ ಮಗಳೇ ಕೊನೆಯ ಸಾಕ್ಷಿಯಾದರೆ, ಆಸ್ಪತ್ರೆ ಎದುರು ಬೀದಿಯಲ್ಲೇ ಇದ್ದರೂ 4.5 ಗಂಟೆಯ ಗಡುವು ಮುಗಿದಂತೆಯೇ. ಬೆಳಿಗ್ಗೆ ಕಿಟಕಿ ತೆರೆಯದಿದ್ದರೆ ಬಂದು ಬಾಗಿಲು ಬಡಿಯುವ ತಂಗಿ ಪಕ್ಕದ ಮನೆಯಲ್ಲಿದ್ದರೆ ಆ ಗಡಿಯಾರ ತಡವಾಗಿ ಶುರುವಾಗುತ್ತದೆ, ಸಹಾಯ ಬೇಗ ಬರುತ್ತದೆ.

ಒಡನಾಟದ ಬಗ್ಗೆ ಹೇಳುವುದಾದರೆ, 2010ರಲ್ಲಿ 148 ಅಧ್ಯಯನಗಳನ್ನೂ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನೂ ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯೊಂದರಲ್ಲಿ, ಗಟ್ಟಿಯಾದ ಸಾಮಾಜಿಕ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕಿರುವ ಸಾಧ್ಯತೆ ಇತರರಿಗಿಂತ ಶೇಕಡಾ 50ರಷ್ಟು ಹೆಚ್ಚಿತ್ತು. ಇಂಥ ಅಧ್ಯಯನಗಳಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬೇರ್ಪಡಿಸುವುದು ಕಷ್ಟವೆಂಬುದು ನಿಜ. ಕಾಯಿಲೆಯವರು ಕಾಯಿಲೆಯಿಂದಾಗಿಯೇ ಜನರಿಂದ ದೂರವಾಗಿರಬಹುದು. ಆದರೂ ಮಾತಿಲ್ಲದ ದಿನಗಳನ್ನು ಕೇವಲ ಬೇಸರವೆಂದು ತಳ್ಳಿಹಾಕುವಂತಿಲ್ಲ.

ಒಂದೇ ಒಂದು ಎಚ್ಚರಿಕೆ. ನೀವು ಹೋಗುತ್ತಿರುವುದು ಹಳ್ಳಿಗಲ್ಲ, ತಂಗಿಯ ಬಳಿಗೆ. ಹಳ್ಳಿಯೆಂದ ಮಾತ್ರಕ್ಕೆ ಎಲ್ಲರೂ ನಿಮ್ಮವರಾಗುತ್ತಾರೆಂದು ಎಣಿಸಬೇಡಿ. ಹೊಸದಾಗಿ ಬಂದ ವಯಸ್ಸಾದವರನ್ನು ತಮ್ಮೊಳಗೆ ಸೇರಿಸಿಕೊಳ್ಳುವ ಊರುಗಳಿವೆ, ವರ್ಷಗಟ್ಟಲೆ ಅತಿಥಿಯಾಗಿಯೇ ಉಳಿಸುವ ಊರುಗಳೂ ಇವೆ. ತಂಗಿಯ ವಯಸ್ಸೆಷ್ಟು, ಅವರ ಆರೋಗ್ಯ ಹೇಗಿದೆ, ಅವರಿಗೇ ಏನಾದರೂ ಆದರೆ ಅಲ್ಲಿ ನಿಮಗೆ ಬೇರೆ ಯಾರಿದ್ದಾರೆ ಎಂಬುದನ್ನು ಅವರೊಂದಿಗೇ ಬಿಚ್ಚುಮನಸ್ಸಿನಿಂದ ಮಾತನಾಡಿ, ಆಮೇಲೆ ಹೊರಡಿ.

ಪ್ರಶ್ನೆ: ಹಳ್ಳಿಯ ಗಾಳಿಗೆ ಅರ್ಧ ಕಾಯಿಲೆ ವಾಸಿಯಾಗುತ್ತದೆ ಎನ್ನುತ್ತಾರೆ. ನನಗೆ ಉಬ್ಬಸವಿದೆ. ಇದು ನಿಜವೇ?

ಉತ್ತರ: ಗಾಳಿ ನಿಜಕ್ಕೂ ಶುದ್ಧವಾಗಿದ್ದರೆ ಉಬ್ಬಸ ಹತೋಟಿಗೆ ಬರಲು ನೆರವಾಗಬಹುದು. ಆದರೆ ಹಳ್ಳಿಯ ಗಾಳಿಯೆಲ್ಲ ಶುದ್ಧವಲ್ಲ. ಸೌದೆಯ ಹೊಗೆ, ಸುಗ್ಗಿಯ ದೂಳು, ಸುಡುವ ಕೂಳೆ, ಹೊಲಕ್ಕೆ ಸಿಂಪಡಿಸುವ ಕೀಟನಾಶಕ, ಹೂಬಿಡುವ ಕಾಲದ ಪರಾಗ, ಇವು ಉಬ್ಬಸದವರಿಗೆ ವಾಹನಗಳ ಹೊಗೆಯಷ್ಟೇ ಕಾಟ ಕೊಡಬಲ್ಲವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು. ಆ ಕಣಗಳಿಗೆ ಹಳ್ಳಿ ಯಾವುದು, ನಗರ ಯಾವುದು ಎಂಬ ಭೇದವಿಲ್ಲ. ನೀವು ನೋಡಿರುವ ಊರಿನಲ್ಲಿ ಹೊಲಗಳಿಗೆ ಬೆಂಕಿಯಿಡುವ ತಿಂಗಳಲ್ಲಿ ಕೆಲವು ದಿನ ಇದ್ದು ನೋಡಿ. ಎಲ್ಲಿಗೆ ಹೋದರೂ ಇನ್‌ಹೇಲರ್ ಬಿಡಬೇಡಿ.

ಪ್ರಶ್ನೆ: ನಗರದ ಮನೆಯನ್ನು ಮಾರಿ ಹಳ್ಳಿಯಲ್ಲಿ ನಮ್ಮಿಷ್ಟದಂತೆ ಮನೆ ಕಟ್ಟಿಸಬೇಕೆಂದಿದ್ದೇವೆ. ಇಬ್ಬರಿಗೂ ಅರವತ್ತರ ಆಸುಪಾಸು, ಇಬ್ಬರಿಗೂ ಯಾವ ಕಾಯಿಲೆಯೂ ಇಲ್ಲ. ಇದು ಕೊನೆಯವರೆಗಿನ ನಿರ್ಧಾರವೆಂದು ಭಾವಿಸಿದ್ದೇವೆ. ಏನನ್ನು ಗಮನಿಸಬೇಕು?

ಉತ್ತರ: "ಕೊನೆಯವರೆಗಿನ" ಎಂಬ ಮಾತನ್ನೇ ಮೊದಲು ಕೈಬಿಡಿ. ಯೂಜಿನ್ ಲಿಟ್ವಾಕ್ ಮತ್ತು ಚಾರ್ಲ್ಸ್ ಲಾಂಜಿನೊ ಎಂಬ ಅಮೆರಿಕದ ಸಮಾಜವಿಜ್ಞಾನಿಗಳು ವಯಸ್ಸಾದವರ ವಲಸೆ ಮೂರು ಹಂತಗಳಲ್ಲಿ ನಡೆಯುತ್ತದೆಂದು 1987ರಲ್ಲೇ ವಿವರಿಸಿದ್ದರು. ನಿವೃತ್ತರಾದ ಹೊಸದರಲ್ಲಿ, ಆರೋಗ್ಯವೂ ಸಂಗಾತಿಯೂ ಜೊತೆಗಿರುವಾಗ, ಜನ ಹಿತವಾದ ಪರಿಸರವನ್ನು ಅರಸಿ ಹೋಗುತ್ತಾರೆ. ದೇಹ ಸೋಲತೊಡಗಿ ದಿನನಿತ್ಯದ ಕೆಲಸಗಳಿಗೆ ನೆರವು ಬೇಕಾದಾಗ, ಅದರಲ್ಲೂ ಸಂಗಾತಿ ತೀರಿಕೊಂಡಾಗ, ಮಕ್ಕಳ ಹತ್ತಿರಕ್ಕೆ ಬರುತ್ತಾರೆ. ಮನೆಮಂದಿಯಿಂದ ನಿಭಾಯಿಸಲಾಗದಷ್ಟು ಆರೈಕೆ ಬೇಕಾದಾಗ ಆರೈಕೆ ಕೇಂದ್ರಕ್ಕೆ ಸೇರುತ್ತಾರೆ. ಎಲ್ಲರೂ ಮೂರೂ ಹಂತ ದಾಟಬೇಕೆಂದಿಲ್ಲ. ಆದರೆ ನಿಮ್ಮ ಯೋಜನೆ ಮೊದಲ ಹಂತಕ್ಕೆ ಮಾತ್ರ ಸಲ್ಲುವಂಥದ್ದು. ಎರಡನೆಯದಕ್ಕೆ ಬೇಕಾದ ಹಣವನ್ನೆಲ್ಲ ಅದು ಮೊದಲನೆಯದರಲ್ಲೇ ಕರಗಿಸಿಬಿಡುತ್ತದೆ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ರಜೆಯಲ್ಲಿ ಕಂಡ ಹಳ್ಳಿಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು. ಮನೆ ಮಾರುವ ಮೊದಲು ಅದನ್ನು ಬಾಡಿಗೆಗೆ ಕೊಟ್ಟು, ನೀವು ಹಳ್ಳಿಯಲ್ಲಿ ಬಾಡಿಗೆಗಿದ್ದು ಒಂದು ವರ್ಷ ಕಳೆಯಿರಿ, ಆ ಊರಿನ ಅತ್ಯಂತ ಕಷ್ಟದ ಋತುವನ್ನು ತಪ್ಪಿಸಿಕೊಳ್ಳದೆ. ಮಳೆಯೋ ಹಿಮವೋ ರಸ್ತೆಯನ್ನು ಕಡಿದಾಗ, ದಿನಗಟ್ಟಲೆ ವಿದ್ಯುತ್ ಇಲ್ಲದಾಗ, ಕೆಲಸಕ್ಕೆ ಬರುವವರು ಬಾರದಾಗ ಆ ಜಾಗ ಹೇಗಿರುತ್ತದೆಂಬುದು ಆಗ ತಿಳಿಯುತ್ತದೆ. ಆ ವರ್ಷದಲ್ಲಿ ಬೇಕೆಂದೇ ಕೆಲವು ವಾರ ವಾಹನವನ್ನು ಮುಟ್ಟದೆ ಬದುಕಿ ನೋಡಿ. ಔಷಧ ತರಲು, ಹಲ್ಲಿನ ವೈದ್ಯರನ್ನು ಕಾಣಲು, ಬ್ಯಾಂಕಿಗೆ ಹೋಗಲು ಸಾಧ್ಯವಾಗುತ್ತದೆಯೇ ಎಂದು ಗಮನಿಸಿ. ಕಣ್ಣಿನ ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ಸರಿಹೋದೀತು, ಆದರೆ ಗ್ಲಾಕೋಮಾ ಕಸಿದುಕೊಂಡ ದೃಷ್ಟಿ ಮರಳುವುದಿಲ್ಲ. ಬದುಕು ಮುಗಿಯುವುದಕ್ಕಿಂತ ಬಹಳ ಮೊದಲೇ ವಾಹನ ಓಡಿಸುವ ಕಾಲ ಮುಗಿದುಹೋಗುತ್ತದೆ.

ಮನೆ ಕಟ್ಟಿಸುವುದೇ ಖಚಿತವಾದರೆ ಒಂದೇ ಅಂತಸ್ತು ಸಾಕು. ಮಲಗುವ ಕೋಣೆಗೂ ಶೌಚಾಲಯಕ್ಕೂ ನಡುವೆ ಹೊಸ್ತಿಲಾಗಲಿ ಮೆಟ್ಟಿಲಾಗಲಿ ಬೇಡ. ಬಾಗಿಲುಗಳು ಗಾಲಿಕುರ್ಚಿ ಸರಾಗವಾಗಿ ದಾಟುವಷ್ಟು ಅಗಲವಿರಲಿ. ಸ್ನಾನದ ಮನೆಯ ಬಾಗಿಲು ಹೊರಕ್ಕೆ ತೆರೆಯಲಿ. ಈ ಕೊನೆಯದನ್ನು ಕಟ್ಟುವವರು ವಿಚಿತ್ರವಾಗಿ ನೋಡಬಹುದು, ಬಿಡಬೇಡಿ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ಒಳಗೆ ಬರಲಾಗುವುದಿಲ್ಲ.

ಕೊನೆಯದಾಗಿ, ನಿಮ್ಮಿಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತೀರಿ. ಆಗ ಉಳಿದವರು ಆ ಮನೆಯಲ್ಲಿ ಒಬ್ಬರೇ ಇರಬಲ್ಲರೇ, ಇರಲು ಬಯಸುವರೇ ಎಂಬ ಪ್ರಶ್ನೆಗೆ ಇಬ್ಬರೂ ಬೇರೆಬೇರೆಯಾಗಿ ಉತ್ತರ ಬರೆದು ಅದಲು ಬದಲು ಮಾಡಿಕೊಂಡು ಓದಿ. ಉತ್ತರಗಳು ಹೊಂದದಿದ್ದರೆ ನಗರದ ಮನೆಯನ್ನು ಮಾರಬೇಡಿ, ಚಿಕ್ಕದಕ್ಕೆ ಬದಲಾಯಿಸಿಕೊಂಡರೂ ಚಿಂತೆಯಿಲ್ಲ.

ಪ್ರಶ್ನೆ: ನಾನು 78 ವರ್ಷದವನು, ಹುಟ್ಟಿದಂದಿನಿಂದ ಹಳ್ಳಿಯಲ್ಲೇ ಇದ್ದೇನೆ. ನನ್ನ ಪತ್ನಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ; ನಗರದಲ್ಲಿ ಶಸ್ತ್ರಚಿಕಿತ್ಸೆಯಾಗಿದೆ. ಇನ್ನು ಹಳ್ಳಿಯ ಮಾತೇ ಬೇಡ, ಇಬ್ಬರೂ ತನ್ನ ಮನೆಯಲ್ಲೇ ಇದ್ದುಬಿಡಿ ಎಂದು ಮಗ ಹೇಳುತ್ತಾನೆ. ಅವನೂ ಸೊಸೆಯೂ ಕೆಲಸಕ್ಕೆ ಹೋಗುವವರು. ನನಗೆ ಅಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಮಗ ಎರಡು ನಿರ್ಧಾರಗಳನ್ನು ಒಂದು ಮಾಡುತ್ತಿದ್ದಾರೆ. ಮುಂದಿನ ಕೆಲವು ತಿಂಗಳು ಎಲ್ಲಿರಬೇಕೆಂಬುದು ಒಂದು, ಬದುಕಿನ ಉಳಿದ ದಿನಗಳನ್ನು ಎಲ್ಲಿ ಕಳೆಯಬೇಕೆಂಬುದು ಇನ್ನೊಂದು. ಮೊದಲನೆಯದರಲ್ಲಿ ಅವರ ಮಾತನ್ನು ಒಪ್ಪಿಕೊಳ್ಳಿ. ಸೊಂಟದ ಮೂಳೆ ಮುರಿತ ಹಗುರವಾದುದಲ್ಲ. ಅದಾದ ಒಂದು ವರ್ಷದೊಳಗೆ ವೃದ್ಧರಲ್ಲಿ ಶೇಕಡಾ 20ರಿಂದ 30ರಷ್ಟು ಮಂದಿ ತೀರಿಕೊಳ್ಳುತ್ತಾರೆಂದು ಹಲವು ದೇಶಗಳ ಅಂಕಿಅಂಶಗಳು ತೋರಿಸುತ್ತವೆ. ಮೂಳೆ ಕೂಡಿಕೊಳ್ಳುವುದಷ್ಟೇ ಮುಖ್ಯವಲ್ಲ, ರೋಗಿ ಆದಷ್ಟು ಬೇಗ ಎದ್ದು ನಿಂತು ನಡೆಯುವುದು ಮುಖ್ಯ. ಹಾಸಿಗೆಯಲ್ಲೇ ಉಳಿದವರಿಗೆ ಶ್ವಾಸಕೋಶದ ಸೋಂಕು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪು, ಬೆನ್ನಿನ ಹುಣ್ಣು ಬೆನ್ನುಹತ್ತುತ್ತವೆ. ಫಿಸಿಯೋಥೆರಪಿಯವರು ಮನೆಗೇ ಬಂದು ಹೋಗುವ ಅನುಕೂಲ ನಗರದಲ್ಲಿದ್ದರೆ ಅದನ್ನು ಪೂರ್ತಿ ಬಳಸಿಕೊಳ್ಳಿ. ಮೂಳೆ ಸವೆತಕ್ಕೆ ಔಷಧ ಬೇಕೇ ಎಂದು ವೈದ್ಯರನ್ನು ಕೇಳುವುದನ್ನು ಮರೆಯಬೇಡಿ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹೆಚ್ಚು.

ಎರಡನೆಯ ನಿರ್ಧಾರಕ್ಕೆ ಈಗಲೇ ಅವಸರವಿಲ್ಲ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಹೊರಟು ಸಂಜೆ ಬರುವ ಮನೆಯಲ್ಲಿ, ಹಗಲಿಡೀ ನೀವಿಬ್ಬರೇ ಪರಿಚಯವಿಲ್ಲದ ಗೋಡೆಗಳ ನಡುವೆ ಇರುವುದಾದರೆ, ಅಲ್ಲಿಯ ಸುರಕ್ಷತೆ ಮಗ ಅಂದುಕೊಂಡಿರುವಷ್ಟಿಲ್ಲ. ಅವರ ಮನೆಯ ಸ್ನಾನದ ಕೋಣೆಯಲ್ಲಿ ಹಿಡಿದುಕೊಳ್ಳಲು ಕಂಬಿ ಇಲ್ಲದಿದ್ದರೆ ನಿಮ್ಮ ಹಳ್ಳಿಯ ಮನೆಗಿಂತ ಅದು ಯಾವ ರೀತಿಯಲ್ಲೂ ಮೇಲಲ್ಲ. ಹಳ್ಳಿಯ ಮನೆಗೆ ಅಂಥ ಕಂಬಿ, ರಾತ್ರಿ ಉರಿಯುವ ದೀಪ, ಮಲಗುವ ಕೋಣೆಗೆ ಹೊಂದಿಕೊಂಡ ಶೌಚಾಲಯ ಮಾಡಿಸಲು ಈ ಕೆಲವು ತಿಂಗಳು ಸಾಕು. ಮಗ ನೆರವಾಗಬೇಕೆಂದಿದ್ದರೆ ಇಲ್ಲಿ ಆಗಲಿ.

ನಿಮ್ಮ ಪತ್ರದಲ್ಲಿ ನಿಮ್ಮ ಇಚ್ಛೆಯಿದೆ, ಮಗನ ಇಚ್ಛೆಯಿದೆ, ಮೂಳೆ ಮುರಿದುಕೊಂಡವರ ಇಚ್ಛೆ ಎಲ್ಲೂ ಇಲ್ಲ. ಅವರನ್ನು ಕೇಳಿ. ಹಳ್ಳಿಯಲ್ಲಿ ಮನೆಗೆಲಸವೆಲ್ಲ ಮತ್ತೆ ತಮ್ಮ ಮೇಲೇ ಬೀಳುತ್ತದೆಂಬ ಅಂಜಿಕೆ ಅವರಿಗಿರಬಹುದು; ಇದ್ದರೆ ಆ ಕೆಲಸಕ್ಕೆ ಬೇರೆ ಜನರನ್ನು ಗೊತ್ತುಮಾಡದೆ ಮರಳುವ ಮಾತನ್ನೇ ಎತ್ತಬೇಡಿ. ಅವರೂ ಮರಳಲು ಬಯಸಿದರೆ, ದೇಹ ಅದಕ್ಕೆ ಸಿದ್ಧವಿದೆಯೇ ಎಂದು ನೋಡಲು ಫಿಸಿಯೋಥೆರಪಿಯವರು ಬಳಸುವ ಸರಳ ಪರೀಕ್ಷೆಯೊಂದಿದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕುಳಿತುಕೊಳ್ಳಬೇಕು. ಬೇಕಾದರೆ ಊರುಗೋಲು ಹಿಡಿಯಬಹುದು, ಆದರೆ ಮತ್ತೊಬ್ಬರ ಕೈ ಹಿಡಿಯುವಂತಿಲ್ಲ. ಇದಕ್ಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ತಿಳಿಯಲಾಗುತ್ತದೆ. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಸಮಯ ಹೆಚ್ಚೇ ಹಿಡಿಯುತ್ತದೆ, ಅದಕ್ಕೆ ಎದೆಗುಂದಬೇಡಿ. ಎರಡು ವಾರಕ್ಕೊಮ್ಮೆ ಫಿಸಿಯೋಥೆರಪಿಯವರ ಎದುರಿನಲ್ಲೇ ಪರೀಕ್ಷೆ ಮಾಡಿಸಿ ಬರೆದಿಡಿ; ಸಮಯ ಇಳಿಯುತ್ತಾ ಹೋದರೆ ಆ ಹಾಳೆಯನ್ನು ಮಗನ ಮುಂದಿಟ್ಟು ಮಾತನಾಡಿ, ಇಳಿಯದಿದ್ದರೆ ಇನ್ನೊಂದಷ್ಟು ತಿಂಗಳು ನಗರದಲ್ಲೇ ಇರಿ.